ಓದಿದವರು ಕೆಳಗೆ ರುಜು ಮಾಡತಕ್ಕದ್ದು

ನನ್ನ ಕೈಬರಹ ಕಂಡರೆ ಸೊರಬದ ಜನ ಹೆದರುತ್ತಾರೆ. ಅಕ್ಷರ ಕೆಟ್ಟದಾಗಿದೆ ಎಂದಲ್ಲ. ಪ್ರೈಮರಿ ಮೇಷ್ಟ್ರ ಬೆತ್ತದ ದಯೆಯಿಂದ ಅದು ದುಂಡಗೇ ಇದೆ. ಹೆದರಿಕೆಗೆ ಕಾರಣ ನನ್ನ ಕಸುಬು. ನಾನು ಪತ್ರ ಬರಹಗಾರ. ಪತ್ರ ಎಂದರೆ ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ಎನ್ನುವ ಜಾತಿಯ ಪತ್ರವಲ್ಲ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮರಣಶಾಸನ. ನನ್ನ ಅಕ್ಷರ ಒಂದು ಮನೆಯೊಳಕ್ಕೆ ಹೋಯಿತೆಂದರೆ ಆ ಮನೆಯಿಂದ ಒಂದು ಗದ್ದೆ ಹೊರಕ್ಕೆ ಹೋಗಿರುತ್ತದೆ, ಇಲ್ಲವೇ ಅಣ್ಣತಮ್ಮಂದಿರು ಅಡಿಗೆಮನೆಯ ನಡುವೆ ಗೋಡೆ ಎಬ್ಬಿಸಿರುತ್ತಾರೆ. ಜನ ನನ್ನನ್ನು ಕಂಡರೆ ನಗುತ್ತಾರೆ, ಕಾಫಿ ಕುಡಿಸುತ್ತಾರೆ, ಮಗಳ ಮದುವೆಗೆ ಮನೆಗೇ ಬಂದು ಕರೆಯುತ್ತಾರೆ. ನನ್ನ ಅಕ್ಷರ ಕಂಡಾಗ ಮಾತ್ರ ಕೈಯನ್ನು ಜೇಬಿನೊಳಗೆ ಇಟ್ಟುಕೊಳ್ಳುತ್ತಾರೆ.

ನಾನೀಗ ಹೇಳಹೊರಟ ಹಳೆಯ ಸಂಗತಿಯನ್ನು ಮತ್ತೆ ಕೆದಕಿದವಳು ಅಣ್ಣನ ಮಗಳು ಸುಮಾ. ಶಿಕಾರಿಪುರದ ಕಾಲೇಜಿನಲ್ಲಿ ಪಾಠ ಹೇಳುವ ಅವಳು ಮೊನ್ನೆ ಬಂದವಳೇ, ನೀವು ಹಿಂದೆ ವಾರವಾರ ಬರೆದ ಹಾಳೆಗಳನ್ನೆಲ್ಲ ಬ್ಲಾಗಿಗೆ ಹಾಕೋಣ ಚಿಕ್ಕಪ್ಪ ಎಂದಳು. ಬ್ಲಾಗು ಬರೆದರೆ ಸಾಲದಂತೆ. ಜಾಲತಾಣಗಳಲ್ಲಿ ಜನ ಸೇರುವ ಕಟ್ಟೆ ಯಾವುದೆಂದು ನೋಡಿ ಅಲ್ಲಿ ಕೊಂಡೊಯ್ದು ಇಡಬೇಕಂತೆ. ಓದಿದವರು ಇನ್ನೊಬ್ಬರಿಗೆ ದಾಟಿಸುವಂತೆ ಮಾಡಬೇಕಂತೆ. ಎಷ್ಟು ಮಂದಿ ಓದಿದರು ಎಂದು ದಿನಾ ಎಣಿಸಬೇಕಂತೆ. ಕೊನೆಗೆ ಫೋನಿನ ಗಾಜಿನ ಮೇಲೆ ಪುಟ್ಟದೊಂದು ಹೆಬ್ಬೆರಳಿನ ಚಿತ್ರ ತೋರಿಸಿ, ಮೆಚ್ಚಿದವರು ಇದನ್ನು ಒತ್ತುತ್ತಾರೆ ಎಂದಳು. ನನಗೆ ತಡೆಯಲಾರದಷ್ಟು ನಗು ಬಂತು. ನಗುತ್ತ ನಗುತ್ತಲೇ ಕಣ್ಣೂ ಒದ್ದೆಯಾಯಿತು. ಮುದುಕನಿಗೆ ಏನಾಯಿತೆಂದು ಅವಳು ಗಾಬರಿಯಾದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಮಾತು. ಸೊರಬದ ನೋಂದಣಿ ಕಚೇರಿಯ ಎದುರಿಗೆ ಒಂದು ಹೋಟೆಲು, ಆ ಹೋಟೆಲಿನ ಜಗಲಿಯ ಒಂದು ಮೂಲೆಗೆ ನಾನು. ಒಂದು ಇಳಿಜಾರು ಮೇಜು, ಮಸಿ ಪ್ಯಾಡು, ಕಾರ್ಬನ್ ಕಾಗದ, ಬಂದವರಿಗೆ ಕೂರಲು ಒಂದು ಬೆಂಚು. ಬೆಳಿಗ್ಗೆಯಿಂದ ಸಂಜೆಯವರೆಗೆ ‘ನಾನು’, ‘ನಾನು’ ಎಂದು ಬರೆಯುವುದೇ ನನ್ನ ಕೆಲಸ. ಪತ್ರಗಳೆಲ್ಲ ಹಾಗೆಯೇ ತಾನೆ ಶುರುವಾಗುವುದು? ನಾನು, ಇಂಥ ಗ್ರಾಮದ ವಾಸಿ, ಸ್ವಸಂತೋಷದಿಂದ ಬರೆಸಿಕೊಟ್ಟ ಪತ್ರವೇನೆಂದರೆ. ಆ ‘ನಾನು’ ಒಂದು ದಿನವೂ ನಾನಾಗಿರಲಿಲ್ಲ. ನಾನು ಮಾರಿದ ಗದ್ದೆಗಳನ್ನು ಒಂದಕ್ಕೊಂದು ಸೇರಿಸಿದರೆ ಜಡೆ ಊರಿನಿಂದ ಹೊಸಬಾಳೆಯವರೆಗೆ ಹಾಸಬಹುದು. ಎಷ್ಟು ಸಲ ಮಗನನ್ನು ದತ್ತು ತೆಗೆದುಕೊಂಡಿದ್ದೇನೆ, ಎಷ್ಟು ಸಲ ಮರಣಶಾಸನ ಬರೆದು ತಣ್ಣಗೆ ಕಣ್ಣು ಮುಚ್ಚಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಇಷ್ಟೆಲ್ಲ ಅನುಭವಿಸಿದ ಮನುಷ್ಯ ಸಂಜೆ ಮನೆಗೆ ಹೋದರೆ ಹೆಂಡತಿ ಗಿರಿಜೆ, ಇವತ್ತೇನು ವಿಶೇಷ ಎಂದು ಕೇಳುತ್ತಾಳೆ. ಏನೂ ಇಲ್ಲ ಎನ್ನುತ್ತೇನೆ. ನಿಜವಾಗಿಯೂ ಏನೂ ಇರುತ್ತಿರಲಿಲ್ಲ.

ಪತ್ರದಲ್ಲಿ ನನ್ನದು ಎಂಬುದು ಒಂದೇ ಒಂದು ಜಾಗ. ಎಲ್ಲ ಮುಗಿದ ಮೇಲೆ, ಕಟ್ಟಕಡೆಯಲ್ಲಿ, ಸಾಕ್ಷಿಗಳ ರುಜುವಿನ ಕೆಳಗೆ ‘ಬಿಕ್ಕಲಂ’ ಎಂದು ಬರೆದು ಬರಹಗಾರ ತನ್ನ ಹೆಸರು ಹಾಕಬೇಕು. ಅದು ಪಾರಸಿಯಿಂದ ಬಂದ ಮಾತಂತೆ. ಇಂಥವನ ಲೇಖನಿಯಿಂದ ಎಂದು ಅರ್ಥವಂತೆ. ನವಾಬರು ಹೋದರು, ದಿವಾನರು ಹೋದರು, ಸೊರಬದ ಜಗಲಿಯಲ್ಲಿ ಕುಳಿತ ಶಿವಲಿಂಗಪ್ಪನೆಂಬ ಬಡಪಾಯಿಯ ಹೆಸರಿನ ಹಿಂದೆ ಅವರ ಮಾತು ಉಳಿದುಕೊಂಡಿತು. ಊರಿನವರು ನನ್ನನ್ನು ಕರೆಯುವುದು ಪತ್ರದ ಶಿವಣ್ಣ ಎಂದು.

ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಎದುರಿಗೆ ಬೆಂಚು ಇತ್ತು. ಅದಕ್ಕೆ ಸ್ವಂತದ್ದು ಮೂರೇ ಕಾಲು; ನಾಲ್ಕನೆಯದು ಇಟ್ಟಿಗೆ. ಗದ್ದೆ ಕೊಳ್ಳುವವರು ಕಾಲಿರುವ ಕಡೆಗೂ ಮಾರುವವರು ಇಟ್ಟಿಗೆಯ ಕಡೆಗೂ ಕೂರುತ್ತಾರೆ ಎಂಬುದನ್ನು ವರ್ಷಗಟ್ಟಲೆ ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ. ಒಂದು ಹಾಳೆ ಎಳೆದುಕೊಂಡು ಅದನ್ನು ಬರೆದೆ. ಅಭ್ಯಾಸಬಲದಿಂದ ‘ಸದರಿ ಬೆಂಚಿಗೆ ಪೂರ್ವಕ್ಕೆ ಹೋಟೆಲಿನ ಬಚ್ಚಲು, ಪಶ್ಚಿಮಕ್ಕೆ ನಾನು’ ಎಂದು ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯನ್ನೂ ಬರೆದೆ. ಆ ‘ನಾನು’ ನಾನೇ ಎಂದು ಹೊಳೆದಾಗ ಮೈ ಜುಮ್ಮೆಂದಿತು. ಕಾರ್ಬನ್ ಇಟ್ಟು ಬರೆದಿದ್ದರಿಂದ ಐದು ಪ್ರತಿ ಸಿಕ್ಕವು. ಮೊದಲನೆಯದು ಸ್ಫುಟ, ಐದನೆಯದರಲ್ಲಿ ಅಕ್ಷರ ಇದೆಯೆಂಬ ಗುಮಾನಿ ಮಾತ್ರ. ಕೊನೆಯಲ್ಲಿ, ಕೈ ಸುಮ್ಮನಿರಬೇಕಲ್ಲ, ಬಿಕ್ಕಲಂ ಎಂದೂ ಹಾಕಿದೆ.

ಹೀಗೆ ವಾರಕ್ಕೊಂದು ಹಾಳೆ ಶುರುವಾಯಿತು. ಒಂದು ಪ್ರತಿ ಹೋಟೆಲಿನ ಗೋಡೆಗೆ. ಒಂದು ಶಿಕಾರಿಪುರದಲ್ಲಿ ನನ್ನ ಸ್ನೇಹಿತನ ಕ್ಷೌರದಂಗಡಿಗೆ. ಒಂದು ಜಡೆಗೆ ಹೋಗುವ ಬಸ್ಸಿನ ಕಂಡಕ್ಟರಿಗೆ. ನಾಲ್ಕನೆಯದು ಊರೂರು ಸುತ್ತಿ ಕಲಾಯಿ ಹಾಕುವ ಬುಡೇನ್‌ಸಾಬರಿಗೆ. ಐದನೆಯದು, ಗುಮಾನಿಯ ಪ್ರತಿ, ಮನೆಯಲ್ಲಿ ಗಿರಿಜೆಗೆ. ಅವಳಿಗೇ ಮಸುಕು ಪ್ರತಿ ಏಕೆಂದು ಎಂದೂ ಹೇಳಲಿಲ್ಲ. ಆದರೆ ಮನೆಯವಳೇ ತಾನೆ, ಏನು ಓದುತ್ತಾಳೆ ಎಂಬ ಲೆಕ್ಕಾಚಾರ ಒಳಗಿತ್ತು.

ಬರೆಯುವುದು ಒಂದು ಚಟವಾದರೆ, ಓದಿದರೋ ಇಲ್ಲವೋ ಎಂದು ತಿಳಿಯುವ ಹಂಬಲ ಅದರ ಅಪ್ಪ. ಗೋಡೆಗೆ ಅಂಟಿಸಿದ ಹಾಳೆಯ ಮುಂದೆ ಜನ ನಿಲ್ಲುತ್ತಿದ್ದರು. ನಿಂತವರು ಓದುತ್ತಿದ್ದರೋ, ಹಲ್ಲು ಕೆದಕಿಕೊಳ್ಳುತ್ತಿದ್ದರೋ ಹಿಂದಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮುಂದಿನಿಂದ ಹೋಗಿ ನೋಡುವುದು ಮರ್ಯಾದೆಯಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಪ್ರತಿ ಹಾಳೆಯ ಜೊತೆಗೂ ಇನ್ನೊಂದು ಖಾಲಿ ಹಾಳೆ ಪಿನ್ನು ಮಾಡಿ, ಮೇಲೆ ದಪ್ಪಕ್ಷರದಲ್ಲಿ ಬರೆದೆ: ಓದಿದವರು ಕೆಳಗೆ ರುಜು ಮಾಡತಕ್ಕದ್ದು.

ಜಾಣರಾದ ನೀವು ಆಗಲೇ ಊಹಿಸಿರುತ್ತೀರಿ. ನನಗೆ ಊಹಿಸಲಾಗಲಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಅಕ್ಷರ ಕಲಿಸುವ ಮೊದಲೇ ಒಂದು ಬುದ್ಧಿಮಾತು ಕಲಿಸಿರುತ್ತಾರೆ: ಯಾರು ಎಲ್ಲಿ ಕೇಳಿದರೂ ಖಾಲಿ ಹಾಳೆಗೆ ರುಜು ಹಾಕಬೇಡ. ಹಾಕಿ ಕೆಟ್ಟವರ ಕಥೆ ಪ್ರತಿ ಊರಿನಲ್ಲೂ ಒಂದಿದೆ. ಅಂಥ ಜನಕ್ಕೆ, ಪತ್ರದ ಶಿವಣ್ಣನ ಕೈಯಲ್ಲಿ ಬರೆದ, ಚಕ್ಕುಬಂದಿಯಿರುವ, ಬಿಕ್ಕಲಂ ಹಾಕಿದ ಹಾಳೆ ತೋರಿಸಿ, ಅದರ ಹಿಂದೆ ಖಾಲಿ ಕಾಗದ ಇಟ್ಟು ರುಜು ಮಾಡಿ ಎಂದರೆ ಏನಾಗಬೇಕೋ ಅದೇ ಆಯಿತು. ಹೋಟೆಲಿನ ಆ ಗೋಡೆಯ ಪಕ್ಕದ ಮೇಜಿಗೆ ಗಿರಾಕಿಗಳು ಕೂರುವುದನ್ನೇ ಬಿಟ್ಟರು. ಒಂದು ತಿಂಗಳ ಮೇಲೆ ಒಂದು ರುಜು ಕಾಣಿಸಿಕೊಂಡಿತು. ಸಂಭ್ರಮದಿಂದ ವಿಚಾರಿಸಿದರೆ, ಹೋಟೆಲಿನವನು ಹೊಸ ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಗೀಚಿ ನೋಡಿದ್ದನಂತೆ.

ಶಿಕಾರಿಪುರದ ಕಥೆ ಇನ್ನೂ ಘನವಾದದ್ದು. ಅಲ್ಲಿ ಕ್ಷೌರಕ್ಕೆ ಬಂದವರು ಕನ್ನಡಿಯ ಪಕ್ಕದ ಹಾಳೆಯನ್ನು ಅರ್ಧ ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು ನೋಡಿ, ಅಂಗಡಿ ಮಾರಾಟಕ್ಕಿದೆ ಎಂದು ತೀರ್ಮಾನಿಸಿದರು. ಮಾತು ಪೇಟೆಯಲ್ಲೆಲ್ಲ ಹಬ್ಬಿತು. ಕೊಳ್ಳಲು ಇಬ್ಬರು ಬಂದೇ ಬಿಟ್ಟರು. ಮೂರನೆಯವನು ನನ್ನ ಸ್ನೇಹಿತನ ಸ್ವಂತ ಮಾವ. ನನಗೆ ಹೇಳದೆ ಮಾರುತ್ತೀಯಾ ಎಂದು ಜಗಳಕ್ಕೆ ಬಂದಿದ್ದ. ಸ್ನೇಹಿತ ಹಾಳೆಗಳನ್ನು ಮಡಚಿ ಬಸ್ಸಿನಲ್ಲಿ ಹಿಂದಕ್ಕೆ ಕಳಿಸಿದ, ಜೊತೆಗೆ ಒಂದು ಮಾತನ್ನೂ ಕಳಿಸಿದ: ಶಿವಣ್ಣ ಬಂದರೆ ಕ್ಷೌರ ಮಾಡುತ್ತೇನೆ, ಅವನ ಅಕ್ಷರ ಬರುವುದು ಬೇಡ.

ಇದನ್ನೆಲ್ಲ ಗಿರಿಜೆ ಕೇಳಿದಳು. ನಗಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಊರವರ ಗಡಿಯನ್ನೆಲ್ಲ ಬರೆದಿರಿ, ಈ ಹುಚ್ಚಿಗೊಂದು ಗಡಿ ಬರೆಯಿರಿ ಎಂದಳು. ನಾನು ರೋಷದಲ್ಲಿ ಬರೆದೇಬಿಟ್ಟೆ. ಬರುವ ಯುಗಾದಿಯೊಳಗೆ ಹನ್ನೊಂದು ರುಜು. ಬಿದ್ದರೆ ಹಾಳೆ ಮುಂದುವರಿಯುತ್ತದೆ. ಬೀಳದಿದ್ದರೆ, ನನಗೆ ಹೇಳುವುದಕ್ಕೆ ಏನೂ ಇಲ್ಲವೆಂದು ತಿಳಿದುಕೊಂಡು, ಬದುಕಿರುವಷ್ಟು ದಿನ ಬೇರೆಯವರ ‘ನಾನು’ ಬರೆದುಕೊಂಡಿರುತ್ತೇನೆ. ಹನ್ನೊಂದು ಎಂದರೆ ಹೆಚ್ಚೇನಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ತಮಾಷೆಯ ಮಾತಲ್ಲ ಅದು. ಐವತ್ತು ದಾಟಿದವನಿಗೆ ಮೊದಲ ಸಲ ತನ್ನ ಮಾತು ಅಂತ ಒಂದು ಸಿಕ್ಕಿತ್ತು, ಅದು ಯಾರಿಗೂ ಬೇಡವಾದರೆ ಎಂಬ ಭಯ ಎದೆಯಲ್ಲಿ ಕೂತಿತ್ತು.

ಬುಡೇನ್‌ಸಾಬರ ವಿಷಯ ಹೇಳಬೇಕು. ಅವರು ಶಿಕಾರಿಪುರದವರು, ಕಲಾಯಿ ಹಾಕುವ ಕಸುಬು. ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಒಳಮೈಯಲ್ಲಿ ತವರ ಸವರಿ ಬೆಳ್ಳಗೆ ಮಾಡಿಕೊಡುವುದು. ವಾರವಿಡೀ ಎರಡೂ ತಾಲ್ಲೂಕಿನ ಹಳ್ಳಿ ಸುತ್ತಿ, ಮರದ ನೆರಳಿನಲ್ಲಿ ಕುಳಿ ತೋಡಿ, ತಿದಿ ಹೂಡಿ, ಇದ್ದಿಲು ಹೊತ್ತಿಸುತ್ತಿದ್ದರು. ಸ್ಟೀಲು ಬಂದಮೇಲೆ ಕೆಲಸ ಕಡಿಮೆಯಾಗಿತ್ತು, ಆದರೂ ಹಳೆಯ ಪಾತ್ರೆಯ ಮೋಹ ಹೆಂಗಸರಿಗೆ ಹೋಗಿರಲಿಲ್ಲ. ನಾನು ಒಂದು ಸಲ ಅವರ ಜೊತೆ ಬಂದಳಿಕೆ ಎಂಬ ಹಳ್ಳಿಗೆ ಹೋಗಿದ್ದೆ. ಪಾತ್ರೆ ಕೆಂಪಗೆ ಕಾದ ಮೇಲೆ ನವಸಾಗರದ ಪುಡಿ ಎರಚಿದರು. ಬಿಳಿ ಹೊಗೆ ಎದ್ದಿತು. ತವರದ ಕಡ್ಡಿಯನ್ನು ಒಮ್ಮೆ ಮುಟ್ಟಿಸಿ ಹತ್ತಿಯ ಉಂಡೆಯಿಂದ ಒಂದು ಸುತ್ತು ಎಳೆದರು ಅಷ್ಟೆ, ಕಪ್ಪು ಪಾತ್ರೆಯ ಒಳಗೆ ಬೆಳಕು ಹರಡಿಕೊಂಡಿತು. ಎಷ್ಟು ಸಲ ನೋಡಿದವರೂ ಆ ಕ್ಷಣಕ್ಕೆ ಉಸಿರು ಹಿಡಿಯುತ್ತಾರೆ. ನಾನಂತೂ ಬಾಯಿ ತೆರೆದು ನಿಂತಿದ್ದೆ.

ಅವರು ಕುಳಿ ತೋಡಿದ್ದು ಒಂದು ಶಿಲಾಶಾಸನದ ಪಕ್ಕದಲ್ಲಿ. ಬಂದಳಿಕೆಯಲ್ಲಿ ಶಾಸನ ತಪ್ಪಿಸಿ ಕೂರುವುದೇ ಕಷ್ಟ. ಯಾರೋ ಅದರ ನೆರಳಿಗೆ ಎತ್ತು ಕಟ್ಟಿದ್ದರು. ಹೊಗೆ ಕರಗುವವರೆಗೆ ನಾನು ಆ ಕಲ್ಲನ್ನು ನೋಡಿದೆ. ಹಳೆಯ ಲಿಪಿ ನನಗೆ ಓದಲು ಬಾರದು. ಆದರೆ ಕಸುಬಿನವನಿಗೆ ಕಸುಬಿನವನ ಚಾಳಿ ಗೊತ್ತಾಗುತ್ತದೆ. ಮೇಲೆ ಸೂರ್ಯಚಂದ್ರರನ್ನು ಕೆತ್ತಿದ್ದರು. ಅವರಿರುವವರೆಗೆ ಇದು ಇರಲಿ ಎಂದು. ಹೀಗೆ ಕೆತ್ತಿಸಿದ ಕಲ್ಲಿನ ಬುಡದಲ್ಲಿ, ಇದನ್ನು ಅಳಿಸಿದವರಿಗೆ ಇಂಥ ಪಾಪ ಎಂಬ ಶಾಪವೂ, ಬರೆದವನ, ಕೆತ್ತಿದವನ ಹೆಸರೂ ಇರುತ್ತವೆಂದು ಬಲ್ಲವರು ಹೇಳುತ್ತಾರೆ. ಅಂದರೆ ಅದೂ ಒಂದು ದಾನಪತ್ರ, ಅಲ್ಲಿಯೂ ಒಬ್ಬ ಬಿಕ್ಕಲಂ. ಊರಿಗೆಲ್ಲ ಕಾಣಲಿ ಎಂದು ಗುಡಿಯ ಮುಂದೆಯೇ ನೆಟ್ಟಿದ್ದ ಪುಣ್ಯಾತ್ಮ. ಎಷ್ಟು ಜನ ಓದಿದರು ಎಂದು ಮಾತ್ರ ಅವನು ಖಾಲಿ ಕಲ್ಲು ನೆಟ್ಟು ರುಜು ಕೇಳಿರಲಿಲ್ಲ. ಎಷ್ಟೋ ನೂರು ವರ್ಷ ಯಾರ ಉತ್ತರಕ್ಕೂ ಕಾಯದೆ ನಿಂತ ಆ ಕಲ್ಲಿನ ಮುಂದೆ ನನಗೆ ನಾಚಿಕೆಯೂ ಆಯಿತು, ಒಂದು ಬಗೆಯ ಭಕ್ತಿಯೂ ಹುಟ್ಟಿತು. ಬುಡೇನ್‌ಸಾಬರು ನನ್ನ ಹಾಳೆಯನ್ನು ತಿದಿಯ ಕೋಲಿಗೆ ಸಿಕ್ಕಿಸಿದ್ದರು. ಕಳೆದ ಗುರುವಾರದ ಬರಹ ಆ ಕಲ್ಲಿನ ಪಕ್ಕದಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು.

ಬರುವಾಗ ದಾರಿಯಲ್ಲಿ ನನ್ನ ಖಾಲಿ ಹಾಳೆಯ ಅಳಲನ್ನು ಅವರ ಮುಂದೆ ತೋಡಿಕೊಂಡೆ. ಸಾಬರಿಗೆ ಕನ್ನಡ ಓದಲು ಬಾರದು. ಕೇಳುವುದು ಮಾತ್ರ ಪೂರ್ತಿ ಬರುತ್ತಿತ್ತು. ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೇಳಿದರು: “ಶಿವಣ್ಣೋರ, ಕಲಾಯಿ ಹಿಡೀತೋ ಇಲ್ಲೋ ಅಂತ ಪಾತ್ರಿ ರುಜು ಮಾಡ್ತೈತೇನ್ರೀ? ಮನೀಗೆ ಒಯ್ದು ಹುಣಸೇಹುಳಿ ಹಾಕಿ ಸಾರು ಕುದಿಸ್ತಾರ. ಆವಾಗ ಗೊತ್ತಾಗ್ತೈತಿ. ನನಗಲ್ಲ, ಅವ್ರಿಗೆ.”

ಮಾತು ಚೆನ್ನಾಗಿತ್ತು. ಆದರೆ ಬುದ್ಧಿಮಾತು ಚೆನ್ನಾಗಿದ್ದಷ್ಟೂ ಅದನ್ನು ಪಾಲಿಸದಿರುವುದು ನನ್ನ ಸ್ವಭಾವ. ಖಾಲಿ ಹಾಳೆ ಪಿನ್ನು ಮಾಡುವುದನ್ನು ನಿಲ್ಲಿಸಲಿಲ್ಲ.

ಕಲಾಯಿಯ ಗುಂಗಿನಲ್ಲಿಯೇ ಆ ವಾರದ ಹಾಳೆ ಬರೆದೆ. ನಮ್ಮ ಮನೆಯಲ್ಲಿ ಒಂದು ಹಿತ್ತಾಳೆಯ ಪಾತ್ರೆ ಇದೆ, ನನ್ನ ಅವ್ವನದು. ಅದರ ಕಂಠದಲ್ಲಿ ಚುಕ್ಕೆಚುಕ್ಕೆಯಾಗಿ ‘ಸೌ. ಬಸಮ್ಮ’ ಎಂದು ಕೆತ್ತಿದೆ. ಅವ್ವ ಹೋದ ಮೇಲೆ ಒಂದು ದಿನ ಹಳೆಯ ಕಾಗದಗಳ ಗಂಟು ಬಿಚ್ಚಿ ಕೂತಿದ್ದೆ. ಅಜ್ಜನ ಹೆಸರು, ಅಪ್ಪನ ಹೆಸರು, ದೊಡ್ಡಪ್ಪನ ಹೆಸರು, ಪಕ್ಕದ ಗದ್ದೆಯವನ ಹೆಸರು, ಕೊನೆಗೆ ಸಾಕ್ಷಿ ಹಾಕಲು ಬಂದ ದಾರಿಹೋಕನ ಹೆಸರು ಕೂಡ ಸಿಕ್ಕಿತು. ಅವ್ವನ ಹೆಸರು ಎಲ್ಲಿಯೂ ಇರಲಿಲ್ಲ. ಆ ಗದ್ದೆಯಲ್ಲಿ ಹೆಚ್ಚು ಹೊತ್ತು ಬಗ್ಗಿ ನಿಂತಿದ್ದವಳು ಅವಳೇ. ನಾನು ಊರಿಗೆಲ್ಲ ಪತ್ರ ಬರೆಯುವವನು. ಅವಳ ಹೆಸರನ್ನು ಒಂದು ಸಲವೂ ಬರೆದಿರಲಿಲ್ಲ. ಅವಳು ಈ ಭೂಮಿಯ ಮೇಲೆ ಇದ್ದಳು ಎಂಬುದಕ್ಕೆ ದಾಖಲೆ ಆ ಪಾತ್ರೆಯೊಂದೇ. ಇಷ್ಟನ್ನೇ ಬರೆದೆ. ನಗುವ ಸಾಲು ಒಂದೂ ಇರಲಿಲ್ಲ. ಐದನೆಯ ಪ್ರತಿಯನ್ನು ಗಿರಿಜೆಯ ಕೈಗೆ ಕೊಡಲು ಧೈರ್ಯವಾಗದೆ ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟು ಬಂದೆ.

ಅದಕ್ಕೂ ರುಜು ಬೀಳಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಚಳಿ ಕಳೆಯಿತು, ಮಾವು ಹೂಬಿಟ್ಟಿತು. ಯುಗಾದಿಗೆ ಇನ್ನು ಹತ್ತು ದಿನವಿತ್ತು, ಎಲ್ಲ ಕಡೆಯಿಂದ ವಾಪಸು ಬಂದ ಖಾಲಿ ಹಾಳೆಗಳು ಮೇಜಿನ ಕೆಳಗೆ ಒಂದು ಕಟ್ಟಾಗಿದ್ದವು. ಕಾಗದ ದಂಡವಾಗುವುದು ಬೇಡವೆಂದು ಅದರಲ್ಲೇ ಕರಡು ಬರೆಯತೊಡಗಿದ್ದೆ. ಹಾಳೆ ನಿಲ್ಲಿಸುವ ಮಾತನ್ನು ಗಿರಿಜೆಗೆ ಹೇಗೆ ಹೇಳುವುದು ಎಂದು ಮನಸ್ಸಿನಲ್ಲೇ ಒಕ್ಕಣೆ ಸಿದ್ಧಮಾಡಿಕೊಳ್ಳುತ್ತಿದ್ದೆ. ಅದೂ ಪತ್ರದ ಭಾಷೆಯಲ್ಲೇ ಬರುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಹೊಸಬಾಳೆಯ ನೀಲಮ್ಮ ಜಗಲಿ ಹತ್ತಿ ಬಂದರು. ನಾಲ್ಕು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಖಾತೆ ಬದಲಾವಣೆಯ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೆ. ಆಗ ಅಳುತ್ತಿದ್ದರು, ಈಗ ನೆಟ್ಟಗೆ ನಡೆದು ಬಂದು ಬೆಂಚಿನ ಮೇಲೆ, ಕಾಲಿರುವ ಕಡೆಗೇ, ಕೂತರು. ಜೊತೆಗೆ ಮಗಳು ರತ್ನ, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದವಳು. ಇಬ್ಬರೇ ಇರುವ ಮನೆ. ಮನೆಯ ಹತ್ತಿರದ ಹದಿನೈದು ಗುಂಟೆ ಗದ್ದೆಯನ್ನು ಮಗಳ ಹೆಸರಿಗೆ ದಾನಪತ್ರ ಬರೆಸಬೇಕು ಎಂದರು. ಮೈದುನರು ಬೇಡವೆನ್ನುತ್ತಿದ್ದಾರಂತೆ, ನಾಳೆ ಮದುವೆಯಾಗಿ ಹೋಗುವವಳಿಗೆ ಗದ್ದೆ ಯಾಕೆ ಎಂದು. ಬೆಳಿಗ್ಗೆ ಮೊದಲ ಬಸ್ಸಿಗೆ ಹೇಳದೆ ಕೇಳದೆ ಹೊರಟು ಬಂದಿದ್ದರು.

ಪಹಣಿ ಕೊಡಿ ಎಂದೆ. ನೀಲಮ್ಮ ಮಡಿಲಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಗಂಡನ ಕಾಲದ ಕಂದಾಯದ ರಸೀದಿಗಳು, ಪಹಣಿ, ಖಾತೆಯ ನಕಲು. ಅವುಗಳ ಕೆಳಗೆ, ದಾರ ಸುತ್ತಿದ ಇನ್ನೊಂದು ಕಟ್ಟು. ಮಾಸಲು ನೀಲಿ ಅಕ್ಷರ, ನಾಲ್ಕನೆಯ ಕಾರ್ಬನ್ ಪ್ರತಿ. ಮೇಲಿನ ಹಾಳೆಯಲ್ಲಿ ನನ್ನ ಬೆಂಚು ಇತ್ತು.

ಎಣಿಸಿದೆ. ಮೂವತ್ತೊಂದು ಹಾಳೆ. ಇವು ನಿಮ್ಮ ಹತ್ತಿರ ಹೇಗೆ ಎಂದು ಕೇಳಿದಾಗ ತಿಳಿಯಿತು. ಬುಡೇನ್‌ಸಾಬರ ಶನಿವಾರದ ಕೊನೆಯ ಠಿಕಾಣಿ ಹೊಸಬಾಳೆ. ಶಿಕಾರಿಪುರದ ಕಡೆಗೆ ಬಸ್ಸು ಬರುವವರೆಗೆ ಅವರು ಕಾಯುತ್ತಿದ್ದದ್ದು ನೀಲಮ್ಮನ ಮನೆಯ ಮುಂದಿನ ಹುಣಸೆಮರದ ಕೆಳಗೆ. ಅಲ್ಲಿ ಒಂದು ತಂಬಿಗೆ ಮಜ್ಜಿಗೆ ಕುಡಿದು, ವಾರವೆಲ್ಲ ಊರೂರಲ್ಲಿ ಓದಿಸಿಕೊಂಡು ಬಂದ ಹಾಳೆಯನ್ನು ಕೋಲಿನಿಂದ ಬಿಡಿಸಿ ರತ್ನಳ ಕೈಗೆ ಕೊಡುತ್ತಿದ್ದರು. ಅವಳು ಜೋರಾಗಿ ಓದುತ್ತಿದ್ದಳು. ಕೇರಿಯ ಹೆಂಗಸರು ಕೈಯ ಕೆಲಸ ಹಿಡಿದುಕೊಂಡೇ ಬಂದು ಕೂರುತ್ತಿದ್ದರು. ಖಾಲಿ ಹಾಳೆ ಮಾತ್ರ ಸಾಬರ ಚೀಲದಲ್ಲಿ ಹಾಗೆಯೇ ನನಗೆ ವಾಪಸು. ನಾನು ಕೇಳಿದ್ದು ಅದೊಂದನ್ನೇ ಆದ್ದರಿಂದ ಅವರು ತಂದುಕೊಟ್ಟದ್ದೂ ಅದೊಂದನ್ನೇ.

“ಅಮ್ಮಾ, ಇವು ಪತ್ರ ಅಲ್ಲ, ನಾನು ಸುಮ್ಮನೆ ಬರೆದದ್ದು. ಪಹಣಿಯ ಜೊತೆ ಯಾಕೆ ಇಟ್ಟಿರಿ?” ಎಂದೆ.

“ನಂಗೆ ಓದಾಕೆ ಬರಲ್ಲ. ಆದ್ರೆ ನಿಮ್ಮ ಕೈ ಗುರ್ತು ಸಿಗ್ತದೆ, ‘ಳ’ದ ಬಾಲ ಹಿಂಗೆ ತಿರುಗ್ತದಲ್ಲ, ಅರ್ಜಿಯಾಗೂ ಹಂಗೇ ಇತ್ತು,” ಎಂದು ಗಾಳಿಯಲ್ಲಿ ಬೆರಳಾಡಿಸಿದರು ನೀಲಮ್ಮ. “ಮೊದಲ್ನೇದು ಎಂತದೋ ದಾಖಲೆ ಇರ್ಬೇಕು ಅಂತ ಗೊತ್ತಿಲ್ದೆ ಟ್ರಂಕಿಗೆ ಹಾಕ್ದೆ. ಆಮೇಲಿಂದೆಲ್ಲ ಗೊತ್ತಿದ್ದೇ ಹಾಕ್ದೆ.”

ಅಕ್ಷರ ಬಾರದ ಒಬ್ಬರು ನನ್ನ ಕೈಬರಹವನ್ನು ಮುಖ ಗುರುತಿಸುವ ಹಾಗೆ ಗುರುತಿಸಿದ್ದರು. ನಾನು ಹೋಟೆಲಿನ ಗೋಡೆ ನೋಡುತ್ತ ರುಜು ಎಣಿಸುತ್ತಿದ್ದ ಹೊತ್ತಿನಲ್ಲಿ, ನಾನು ಕಾಲಿಡದ ಅಂಗಳದಲ್ಲಿ, ಕಂಡಿರದ ಜನರ ನಡುವೆ, ನನ್ನ ಮಾತು ಪ್ರತಿ ಶನಿವಾರ ಹೋಗಿ ಕೂತು ಬಂದಿತ್ತು. ಅದು ನನಗಿಂತ ಹೆಚ್ಚು ಊರು ನೋಡಿತ್ತು. ಹೋಟೆಲಿನಲ್ಲಿ ದೋಸೆ ಮಗುಚುವ ಸದ್ದು, ಬಸ್ಸಿನ ಹಾರ್ನು ಎಲ್ಲ ಇದ್ದವು. ನನಗೆ ಮಾತ್ರ ಬಂದಳಿಕೆಯ ಆ ಕಲ್ಲಿನ ಮುಂದೆ ನಿಂತ ಹಾಗಾಗಿತ್ತು.

ನೀಲಮ್ಮ ಕಟ್ಟಿನಿಂದ ಒಂದು ಹಾಳೆಯನ್ನು ಎಳೆದು ಮೇಜಿನ ಮೇಲಿಟ್ಟರು. ಓದಲು ಬಾರದವರಿಗೆ ಅದು ಯಾವುದೆಂದು ಹೇಗೆ ಗೊತ್ತಾಯಿತೋ, ಮೂಲೆಯಲ್ಲಿ ಹುಣಸೆಯ ಕಲೆಯಿತ್ತು, ಅದೇ ಗುರುತೋ ಏನೋ. ಅವ್ವನ ಪಾತ್ರೆಯ ಹಾಳೆ. ಇದನ್ನು ಓದಿದ ದಿನ ಕೇರಿಯ ಹೆಂಗಸರೆಲ್ಲ ಮನೆಗೆ ಹೋಗಿ ತಂತಮ್ಮ ಪಾತ್ರೆ ತಿರುಗಿಸಿ ನೋಡಿಕೊಂಡರು ಎಂದಳು ರತ್ನ. ನೀಲಮ್ಮ ಪಹಣಿಯ ಮೇಲೆ ಅಂಗೈ ಇಟ್ಟುಕೊಂಡು ಹೇಳಿದರು: “ನನ್ನ ಹೆಸರು ಈ ಪಾಣಿಗೆ ಬರ್ಬೇಕಾ‌ದ್ರೆ ನಮ್ಮನೇರು ಹೋಗ್ಬೇಕಾಯ್ತು. ಇವಳ ಹೆಸರು ಹಂಗೆ ಬರೋದು ಬ್ಯಾಡ ಶಿವಣ್ಣ. ನಾನಿರೋವಾಗ್ಲೇ, ನಗ್ತಾ ಬರ್ಲಿ. ಬರೀರಿ.”

ಬರೆದೆ. ಜೀವಮಾನದಲ್ಲಿ ಬರೆದ ಪತ್ರಗಳಲ್ಲಿ ಅಷ್ಟು ಹುಷಾರಾಗಿ ಬರೆದದ್ದು ಇನ್ನೊಂದಿಲ್ಲ. ನಾನು, ಹೊಸಬಾಳೆ ಗ್ರಾಮದ ವಾಸಿ ನೀಲಮ್ಮ, ಸ್ವಸಂತೋಷದಿಂದ. ಆ ಹಳೆಯ ಸವೆದ ಮಾತು ಅಂದು ನಿಜವಾಗಿಯೂ ಸಂತೋಷದಿಂದಲೇ ಕಾಗದಕ್ಕಿಳಿಯಿತು. ಬರೆದದ್ದನ್ನು ಬರೆಸಿದವರಿಗೆ ಓದಿ ಹೇಳುವುದು ನನ್ನ ಕರ್ತವ್ಯ. ಅಂದು ನಾನು ಓದಲಿಲ್ಲ, ಹಾಳೆಯನ್ನು ರತ್ನಳ ಕೈಗೆ ಕೊಟ್ಟೆ. ಶನಿವಾರದ ಅಭ್ಯಾಸವಿದ್ದ ಹುಡುಗಿ, ಗಟ್ಟಿಯಾಗಿ, ತಡವರಿಸದೆ ಓದಿಕೊಂಡು ಹೋದಳು. ಚಕ್ಕುಬಂದಿ ಮುಗಿಯಿತು. ಇನ್ನು ಮುಂದೆ ಸದರಿ ಗದ್ದೆಗೆ ಹಕ್ಕುದಾರಳು ಎಂಬಲ್ಲಿಗೆ ಬಂದು, ತನ್ನ ಹೆಸರಿನ ಮುಂದೆ ನಿಂತುಬಿಟ್ಟಳು. ನೀಲಮ್ಮ ಕಾದರು. ಆಮೇಲೆ, ಓದು, ಎಂದರು ಮೆಲ್ಲಗೆ. ರತ್ನ ತನ್ನ ಹೆಸರನ್ನು ಓದಿದಳು.

ಕಚೇರಿಯ ಕೆಲಸ ಮುಗಿಸಿ, ಸಾಕ್ಷಿಗಳಿಗೆ ಕಾಫಿ ಕುಡಿಸಿ, ತಾಯಿ ಮಗಳಿಬ್ಬರೂ ಗಂಟು ತೆಗೆದುಕೊಂಡು ಹೋಗಲು ಮತ್ತೆ ಜಗಲಿಗೆ ಬಂದರು. ನೀಲಮ್ಮನ ಹೆಬ್ಬೆರಳಿನ ಮಸಿ ಹಾಗೆಯೇ ಇತ್ತು. ಒರೆಸಿಕೊಳ್ಳಲು ನಾನು ಬಟ್ಟೆ ಕೊಡಹೋದೆ. ಅವರು ತೆಗೆದುಕೊಳ್ಳಲಿಲ್ಲ.

“ಎಂತದೋ ಓದಿದೋರು ರುಜು ಮಾಡ್ಬೇಕು ಅಂತ ಬರೀತೀರಂತಲ್ಲ. ಅದನ್ನೂ ಓದ್ತಿದ್ಲು ಇವಳು. ಖಾಲಿ ಹಾಳೆಗೆ ಬೆರಳು ಒತ್ತಬ್ಯಾಡ ಅಂತ ಸಾಯೋ ಮುಂಚೆ ಹೇಳಿ ಹೋಗ್ಯಾರೆ ನಮ್ಮನೇರು, ಅದಕ್ಕೆ ಸುಮ್ನಿದ್ದೆ,” ಎಂದರು. ಮಸಿಯ ಬೆರಳನ್ನು ನೋಡಿಕೊಂಡು ಕೇಳಿದರು: “ಓದಿದ್ದು ಅವಳು. ನಾನು ಕೇಳ್ದೋಳು. ಕೇಳ್ದೋರದ್ದು ನಡೀತದಾ?”

ನಡೆಯುತ್ತದೆ ಎಂದೆ. ಮೇಜಿನ ಕೆಳಗಿನ ಕಟ್ಟಿನಿಂದ ಕರಡಿಲ್ಲದ ಒಂದು ಹಾಳೆ ಹುಡುಕಲು ನನಗೆ ಬಹಳ ಹೊತ್ತು ಹಿಡಿಯಿತು, ಕಣ್ಣು ಮಂಜಾಗಿತ್ತು. ನೀಲಮ್ಮ ಮಸಿ ಪ್ಯಾಡಿಗೆ ಇನ್ನೊಮ್ಮೆ ಬೆರಳು ತಾಗಿಸಿ, ಸೀರೆಯ ಸೆರಗನ್ನು ಎಡಕ್ಕೆ ಸರಿಸಿಕೊಂಡು, ಆ ಖಾಲಿ ಹಾಳೆಯ ಮೇಲೆ ಒತ್ತಿದರು. ಪಕ್ಕದಲ್ಲಿ ರತ್ನ ರುಜು ಮಾಡಿದಳು. ಹೆಬ್ಬೆಟ್ಟಿನ ಎದುರಿಗೆ ಕಾಯಿದೆಯಂತೆ ನಾನು ಬರೆದೆ, ಇದು ನೀಲಮ್ಮನವರ ಎಡಗೈ ಹೆಬ್ಬೆಟ್ಟಿನ ಗುರುತು ಎಂದು. ಅದರ ಕೆಳಗೆ ಬಿಕ್ಕಲಂ ಹಾಕಿದೆ.

ಸಂಜೆ ಆ ಹಾಳೆಯನ್ನು ಗಿರಿಜೆಯ ಮುಂದಿಟ್ಟು, ಹನ್ನೊಂದಕ್ಕೆ ಎರಡೇ ಬಿದ್ದವು, ಮಾತಿನಂತೆ ನಿಲ್ಲಿಸಬೇಕು ಎಂದೆ. ಅವಳು ನಡೆದದ್ದನ್ನೆಲ್ಲ ಕೇಳಿದಳು. ಹೆಬ್ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡಿ, ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು ಕೆಳಗೆ ತಾನೂ ರುಜು ಮಾಡಿದಳು. ನೀನು ಓದಿದ್ದೀಯಾ ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. “ಆ ಐದನೇ ಪ್ರತಿ ಕಿಟಕಿಗೆ ಹಿಡಿದು ಹಿಡಿದು ಕಣ್ಣು ಹೋಗಿದಾವೆ,” ಎಂದಳು. “ಮುಂದಿನ ವಾರದಿಂದ ನಂಗೆ ಮೊದಲ್ನೇದು ಕೊಡಿ. ಹೋಟೆಲಿನೋರು ಕಷ್ಟಪಡ್ಲಿ.” ಅವ್ವನ ಪಾತ್ರೆಯ ಹಾಳೆಯನ್ನು ಅವಳು ಮಡಚಿ ಆ ಪಾತ್ರೆಯೊಳಗೇ ಇಟ್ಟಿದ್ದಳು, ಅದು ನನಗೆ ಆಮೇಲೆ ಗೊತ್ತಾಯಿತು.

ಹನ್ನೊಂದು ಎಂದೂ ಆಗಲಿಲ್ಲ. ಖಾಲಿ ಹಾಳೆ ಕಳಿಸುವುದನ್ನು ನಿಲ್ಲಿಸಿದೆ. ಬುಡೇನ್‌ಸಾಬರ ಕಾಲು ನಡೆಯುವವರೆಗೆ ನನ್ನ ಹಾಳೆಯೂ ನಡೆಯಿತು.

ಇದಿಷ್ಟನ್ನು ಕೇಳಿದ ಮೇಲೆ ಸುಮಾ ಫೋನಿನ ಹೆಬ್ಬೆರಳನ್ನು ತಾನೇ ಇನ್ನೊಮ್ಮೆ ನೋಡಿದಳು. ನಾನೂ ಕನ್ನಡಕ ಏರಿಸಿ ನೋಡಿದೆ. ಮುದ್ದಾಗಿದೆ, ಬಹಳ ನುಣುಪು, ಒಂದು ಗೆರೆಯೂ ಇಲ್ಲ. ನಾನು ಒಳಗೆ ಹೋಗಿ ಟ್ರಂಕು ತೆರೆದು ನೀಲಮ್ಮನ ಹೆಬ್ಬೆಟ್ಟಿನ ಹಾಳೆ ತಂದು ಪಕ್ಕದಲ್ಲಿಟ್ಟೆ. ಮಸಿ ಕಂದಿತ್ತು. ಆದರೆ ನಾಟಿ ಮಾಡಿ ಸವೆದ ಬೆರಳಿನ ಸುರುಳಿ ಸುರುಳಿ ಗೆರೆಗಳು, ನಡುವೆ ಕುಡುಗೋಲು ತಾಗಿದ ಒಂದು ಗಾಯದ ಗುರುತು, ಎಲ್ಲ ಹಾಗೆಯೇ ಇದ್ದವು. ಸುಮಾ ಅದನ್ನು ಮುಟ್ಟಲು ಬೆರಳು ಚಾಚಿ, ಮುಟ್ಟದೆ ಹಿಂದೆಳೆದುಕೊಂಡಳು. ಇದನ್ನೂ ಬ್ಲಾಗಿಗೆ ಹಾಕೋಣವೇ ಎಂದು ಮೆಲ್ಲಗೆ ಕೇಳಿದಳು.

ಮಿಕ್ಕ ಹಾಳೆಗಳನ್ನೆಲ್ಲ ಹಾಕು, ಯಾವ ಕಟ್ಟೆಯಲ್ಲಿ ಬೇಕಾದರೂ ಇಡು, ಯಾರು ಬೇಕಾದರೂ ಓದಲಿ ಎಂದೆ. ಇದೊಂದನ್ನು ಮಾತ್ರ ಮಡಚಿ, ಒಳಗೆ ತೆಗೆದುಕೊಂಡು ಹೋಗಿ, ನಮ್ಮ ಪಹಣಿಯ ಜೊತೆ ಇಟ್ಟು ಬಂದೆ.